ವಂದನಾರ್ಪಣೆ ಬಾಕಿ

ಯಂತ್ರಗಳ ಮ್ಯೂಸಿಯಮ್ಮಿನಲ್ಲಿ ನೌಕರಿ ಎಂದರೆ ನಿವೃತ್ತರ ಜೊತೆ ಸಂಸಾರ. ಉಗಿಬಂಡಿ ಓಡುವುದಿಲ್ಲ, ಮಗ್ಗ ನೇಯುವುದಿಲ್ಲ, ಒಂದು ಕೋಣೆಯನ್ನೇ ನುಂಗಿ ಕೂತ ಹಳೇ ಕಂಪ್ಯೂಟರು ಲೆಕ್ಕ ಮಾಡುವುದಿಲ್ಲ. ಎಲ್ಲಕ್ಕೂ ಮೈತುಂಬ ಎಣ್ಣೆ, ಮುಂದೊಂದು ಹಗ್ಗ, ಹಗ್ಗಕ್ಕೊಂದು ‘ಮುಟ್ಟಬೇಡಿ’ ಬೋರ್ಡು. ಇವುಗಳಲ್ಲಿ ಒಂದನ್ನು ಪ್ರತಿ ಭಾನುವಾರ ಬೆಳಗ್ಗೆ ಎಬ್ಬಿಸಿ, ಜನರ ಮುಂದೆ ಒಂದಿಷ್ಟು ಕೆಮ್ಮಿಸಿ, ಮತ್ತೆ ಮಲಗಿಸುವುದು ಕಾರ್ಯಕ್ರಮದಕ್ಕನ ಕೆಲಸ. ಹೆತ್ತವರು ಇಟ್ಟ ಹೆಸರು ಅವಳಿಗೂ ಒಂದಿತ್ತು, ಆದರೆ ಆ ಹೆಸರು ಹಿಡಿದು ಕರೆಯುವವರು ಮನೆಯಲ್ಲಿ ಮಾತ್ರ. ಕುರ್ಚಿ ಒರೆಸಿಸುವುದು, ಮೈಕು ತಟ್ಟಿ ನೋಡುವುದು, ಮಾತಾಡುವವರನ್ನು ವೇದಿಕೆಗೆ ಹತ್ತಿಸುವುದು, ಮಾತು ನಿಲ್ಲಿಸದವರನ್ನು ವೇದಿಕೆಯಿಂದ ಇಳಿಸುವುದು, ಕೊನೆಗೆ ವಂದನಾರ್ಪಣೆ, ಎಲ್ಲ ಅವಳದೇ.

ಮ್ಯೂಸಿಯಮ್ಮಿನ ನಿರ್ದೇಶಕರಿಗೆ ನೌಕರರು ಅಂಕಿರಾಯರು ಎಂದು ಹೆಸರಿಟ್ಟಿದ್ದರು. ಅವರಿಗೆ ಅಂಕಿ ಸಿಕ್ಕರೆ ಸಾಕು, ಅಂಶ ಬೇಡ. ಕಾರ್ಯಕ್ರಮ ಹಿಡಿಸಿತೋ ಇಲ್ಲವೋ ಎಂದು ಜನರನ್ನೇ ಕೇಳುವುದು ಹಳೇ ಕಾಲದ ಪದ್ಧತಿ ಎಂದು ಅವರು ಸಭಾಂಗಣದ ಗೋಡೆಗೆ ಚಪ್ಪಾಳೆ ಅಳೆಯುವ ಮೀಟರು ಹಾಕಿಸಿದ್ದರು. ಸದ್ದು ಜೋರಾದರೆ ಮುಳ್ಳು ಮೇಲೇಳುತ್ತದೆ. ಹಸಿರು ಗೆರೆ ದಾಟಿದರೆ ಕಾರ್ಯಕ್ರಮ ಬದುಕಿತು. ದಾಟದಿದ್ದರೆ ಭಾನುವಾರದ ಕಾರ್ಯಕ್ರಮ ಬಂದ್, ಸಭಾಂಗಣದಲ್ಲಿ ಗೊಂಬೆ, ಕೀಚೈನು ಮಾರುವ ಅಂಗಡಿ.

“ನೋಡಮ್ಮ, ಜನ ಬಂದ್ರೋ ಬಿಟ್ರೋ ನನಗೆ ಗೊತ್ತಿಲ್ಲ. ಮುಳ್ಳು ಏಳ್ಬೇಕು,” ಎಂದಿದ್ದರು ಅಂಕಿರಾಯರು.

“ಜನಾನೇ ಇಲ್ಲದೆ ಮುಳ್ಳು ಹೆಂಗೇಳುತ್ತೆ ಸಾರ್?”

“ಅದು ನಿಮ್ಮ ಇಲಾಖೆ.”

ಜನ ಕೈತಟ್ಟುವ ಬದಲು ಕೈಕೊಡುತ್ತಿದ್ದ ಕಾಲ ಅದು. ಸಾಲುಸಾಲು ಮಡಚುವ ಕುರ್ಚಿಗಳ ಸಭಾಂಗಣದಲ್ಲಿ ಬಂದು ಕೂರುತ್ತಿದ್ದವರು ತಣ್ಣನೆ ಗಾಳಿಗೆ ಬಂದ ಒಂದು ಜೋಡಿ, ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದ ಕೆಲವು ಅಜ್ಜಿಯರು, ಇಷ್ಟೇ. ಮೈಕು, ಸ್ಪೀಕರು ನೋಡಿಕೊಳ್ಳುವ ಸೌಂಡಣ್ಣ ಒಂದು ದಿನ ಉಪಾಯ ತಂದ.

“ಹೋದ ವರ್ಷದ ಮಿಂಚಿನ ಯಂತ್ರದ ಪ್ರೋಗ್ರಾಮ್ ರೆಕಾರ್ಡಿಂಗ್ ಇದೆ ಅಕ್ಕ. ಅವತ್ತು ಹೌಸ್‌ಫುಲ್ಲು. ಚಪ್ಪಾಳೆ ಅಷ್ಟೇ ಕತ್ತರಿಸ್ಕೊಂಡು ಕುರ್ಚಿ ಕೆಳಗಿನ ಸ್ಪೀಕರಿಗೆ ಬಿಡೋಣ. ಹಳೇ ಯಂತ್ರ ತೋರ್ಸೋ ಜಾಗದಲ್ಲಿ ಹಳೇ ಚಪ್ಪಾಳೆ ತೋರ್ಸಿದ್ರೆ ಯಾರ ಗಂಟು ಹೋಗುತ್ತೆ?”

ಅವಳು ಹೆಡ್‌ಫೋನು ಹಾಕಿಕೊಂಡು ಕೇಳಿದಳು. ಮಿಂಚಿನ ಯಂತ್ರ ಚಟಚಟ ಎಂದಿತು. ಚಪ್ಪಾಳೆ ಕಾದ ಬಾಣಲೆಗೆ ಸಾಸಿವೆ ಬಿದ್ದ ಹಾಗೆ ಸಿಡಿಯಿತು, ತುಂಬ ಹೊತ್ತು ಸಿಡಿದು ತಣ್ಣಗಾಯಿತು. ಎಲ್ಲ ನಿಂತ ಮೇಲೆ, ಒಂದು ಉಸಿರು ಬಿಟ್ಟು, ಟಪ್. ಟಪ್. ಟಪ್.

ಅವಳ ಕೈ ಹೆಡ್‌ಫೋನಿನ ಮೇಲೇ ಉಳಿಯಿತು. ಅದು ಅಪ್ಪನ ಚಪ್ಪಾಳೆ.

ಅಪ್ಪ ಒಂದು ಭಾನುವಾರವೂ ತಪ್ಪಿಸಿದವರಲ್ಲ. ಇಸ್ತ್ರಿ ಅಂಗಿ, ಮೊಣಕಾಲ ನಡುವೆ ಕೊಡೆ, ಮೊದಲ ಸಾಲಿನ ಮೂಲೆ ಕುರ್ಚಿ. ಕೂತ ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚುತ್ತಿದ್ದರು. ಎಲ್ಲರ ಚಪ್ಪಾಳೆ ಮುಗಿದ ಮೇಲೆ ಇವರದು ಶುರು. “ನಿಮ್ಮ ತಂದೆಯವರಿಗೆ ಸುದ್ದಿ ಪೋಸ್ಟಲ್ಲಿ ಬರುತ್ತೆ ಅಕ್ಕ,” ಎಂದು ಸೌಂಡಣ್ಣ ರೇಗಿಸುತ್ತಿದ್ದ. ಆದರೆ ವಂದನಾರ್ಪಣೆ ಮುಗಿಯದೆ ಅಪ್ಪ ಏಳುತ್ತಿರಲಿಲ್ಲ. “ಊಟದ ಮಧ್ಯೆ ಎದ್ರೂ ಎದ್ದೇನು ಮರಿ, ವಂದನಾರ್ಪಣೆಗೆ ಮುಂಚೆ ಏಳಲ್ಲ. ಹೋಗಿಬನ್ನಿ ಅಂತ ಅನ್ನಿಸ್ಕೊಳ್ಳೋ ತನಕ ನಾವು ಅತಿಥಿಗಳು,” ಎನ್ನುತ್ತಿದ್ದರು. ಮಿಂಚಿನ ಯಂತ್ರದ ಕಾರ್ಯಕ್ರಮವೇ ಅವರು ನೋಡಿದ ಕೊನೆಯದು. ಅದಾದ ವಾರದಲ್ಲಿ ಮಧ್ಯಾಹ್ನ ಮಲಗಿದವರು ಏಳಲಿಲ್ಲ.

“ಈ ಕೊನೇ ಮೂರು ಏಟು ತೆಗೆದುಬಿಡ್ಲಾ? ಚೆನ್ನಾಗಿ ಕೇಳ್ಸಲ್ಲ,” ಎಂದ ಸೌಂಡಣ್ಣ.

“ಅದನ್ನ ಮುಟ್ಟಬೇಡ,” ಎಂದಳು ಅಕ್ಕ, ಬೋರ್ಡಿನ ಥರ.

ಅಂದಿನಿಂದ ಭಾನುವಾರಕ್ಕೆ ಭಾನುವಾರ ಮುಳ್ಳು ಹಸಿರು ದಾಟಿತು. ಅಂಕಿರಾಯರು ಗೆದ್ದೆವೆಂದುಕೊಂಡರು. ಅಕ್ಕನಿಗೆ ಈಗ ಮುಳ್ಳಿನ ಗೊಡವೆ ಇರಲಿಲ್ಲ. ಕಾರ್ಯಕ್ರಮ ನಿಂತರೆ ಆ ಮೂರು ಏಟೂ ನಿಲ್ಲುತ್ತವೆ, ಅವಳಿಗೆ ಇದ್ದ ಭಯ ಅದೊಂದೇ. ಮನೆಯಲ್ಲಿ ಕೂತು ರೆಕಾರ್ಡಿಂಗ್ ಹಾಕಿ ನೋಡಿದ್ದಳು. ಬರೀ ಸದ್ದು. ಸಭಾಂಗಣದಲ್ಲಿ ಮಾತ್ರ ಅದು ಮೊದಲ ಸಾಲಿನ ಮೂಲೆಯಿಂದಲೇ ಬರುತ್ತಿತ್ತು. ಆ ಮೂಲೆಯಲ್ಲಿ ಸ್ಪೀಕರು ಇರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಮೊದಲು ದೂರು ತಂದವಳು ಗುಡಿಸುವಾಕೆ. “ಅಕ್ಕಾ, ಈ ಕುರ್ಚಿಗಳಿಗೆ ಏನು ಬಂದಿದೆ? ಜನ ಎದ್ದೋದ್ರೂ ಮಡಚ್ಕೊಳ್ತಾನೇ ಇಲ್ಲ.”

ಕೂತರೆ ಇಳಿಯುವ, ಎದ್ದರೆ ತಾನಾಗಿ ಟಪ್ಪನೆ ಮೇಲೇಳುವ ಸ್ಪ್ರಿಂಗ್ ಕುರ್ಚಿಗಳವು. ಈಗ ಹಿಂದಿನ ಸಾಲುಗಳಲ್ಲಿ, ಯಾರೂ ಕೂರದ ಕಡೆ, ಕೆಳಗೇ ಇಳಿದುಕೊಂಡಿದ್ದವು. ರಿಪೇರಿಯವನು ಬಂದು ಎಣ್ಣೆ ಬಿಟ್ಟ. ಮುಂದಿನ ವಾರ ಇನ್ನೆರಡು ಸಾಲು ಇಳಿದವು. ಅಕ್ಕ ಒಂದನ್ನು ಕೈಯಿಂದ ಎತ್ತಲು ನೋಡಿದಳು. ಅದು ಅರ್ಧ ಎದ್ದು, ‘ಇನ್ನೂ ಮುಗಿದಿಲ್ಲವಲ್ಲ’ ಎಂಬಂತೆ ನಿಧಾನಕ್ಕೆ ಮತ್ತೆ ಕೂತಿತು. ಕುರ್ಚಿಯ ಮೆತ್ತೆ ಬೆಚ್ಚಗಿತ್ತು.

ಆಮೇಲೆ ಚಪ್ಪಾಳೆಯ ಧಾಟಿಯೇ ಬದಲಾಯಿತು. ನಡುನಡುವೆ ಕೆಮ್ಮು, ಕಾಲು ಬದಲಿಸುವ ಸದ್ದು, ಆಕಳಿಕೆ. ಒಂದು ಮಗು ಸ್ಪಷ್ಟವಾಗಿ, “ಮನೇಗೆ ಯಾವಾಗ ಹೋಗೋದಮ್ಮ?” ಎಂದಿತು.

“ಇದು ರೆಕಾರ್ಡಿಂಗಲ್ಲಿ ಇರ್ಲಿಲ್ಲ ಅಕ್ಕ,” ಎಂದ ಸೌಂಡಣ್ಣ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. “ನಾನು ಇದನ್ನ ಎಷ್ಟು ಸಲ ಕೇಳಿದೀನಿ.”

ಸಭೆ ನಡೆಸಿದವರಿಗೆಲ್ಲ ಎರಡು ಥರದ ಚಪ್ಪಾಳೆ ಗೊತ್ತು. ಒಂದು ಮೆಚ್ಚಿದ್ದು. ಇನ್ನೊಂದು, ಭಾಷಣಕಾರ ಇಳಿಯದಿದ್ದಾಗ ಎಲ್ಲರೂ ಒಂದೇ ತಾಳಕ್ಕೆ, ಬಿಡದೆ ತಟ್ಟುವುದು. ಆ ಭಾನುವಾರ ಕುರ್ಚಿಗಳ ಕೆಳಗಿಂದ ಬಂದದ್ದು ಎರಡನೆಯದು. ನಿಜವಾದ ಅಜ್ಜಿಯರು ಹಿಂತಿರುಗಿ ನೋಡಿದರು. ಮುಳ್ಳು ಹಸಿರು ದಾಟಿ, ಕೆಂಪು ದಾಟಿ, ತುದಿಗೆ ಬಡಿದು ನಡುಗಿತು.

ಅಂಕಿರಾಯರು ವೇದಿಕೆ ಹತ್ತಿರ ಬಂದು, “ಭೇಷ್ ಅಮ್ಮ. ಇನ್ನು ಶನಿವಾರಾನೂ ಒಂದು ಶೋ ಇಡಿ,” ಎಂದರು.

ಸೋಮವಾರ ಮ್ಯೂಸಿಯಮ್ಮಿಗೆ ರಜೆ. ಅಕ್ಕ, ಸೌಂಡಣ್ಣ ಇಬ್ಬರೇ ಹಗಲು ಹೊತ್ತಿನಲ್ಲಿ ಬಂದು ರೆಕಾರ್ಡಿಂಗ್ ಹಾಕುವ ಯಂತ್ರ ಬಿಚ್ಚಿ ನೋಡಿದರು. ಸೌಂಡಣ್ಣ ಸ್ಪೀಕರಿನ ವೈರುಗಳನ್ನೆಲ್ಲ ಕಿತ್ತು ಕೈಗೆ ಸುತ್ತಿಕೊಂಡ. ಕಿಟಕಿಯಿಂದ ಬಿಸಿಲು ಖಾಲಿ ಸಾಲುಗಳ ಮೇಲೆ ಬಿದ್ದಿತ್ತು. ಅದೇ ತಾಳ, ಮೆಲ್ಲಗೆ, ಸಾಲುಗಳಿಂದ ಕೇಳುತ್ತಲೇ ಇತ್ತು.

ಸೌಂಡಣ್ಣ ವೈರಿನ ಸುರುಳಿಯನ್ನು ನೋಡಿದ, ಸಾಲುಗಳನ್ನು ನೋಡಿದ.

“ಅಕ್ಕ, ಮಿಂಚಿನ ಯಂತ್ರದ ದಿನ ನೀವು ವಂದನಾರ್ಪಣೆ ಮಾಡಿದ್ರಾ?”

ಅವಳಿಗೆ ನೆನಪಾಯಿತು. ಮಿಂಚು ಹೊಡೆದ ಹೊಡೆತಕ್ಕೆ ಫ್ಯೂಸು ಹೋಗಿತ್ತು. ಅಪ್ಪನ ಚಪ್ಪಾಳೆಯೂ ಮುಗಿಯುವ ಹೊತ್ತಿಗೆ ದೀಪವೆಲ್ಲ ಆರಿ, ಮೈಕು ಸತ್ತು, ಜನ ಮೊಬೈಲು ಬೆಳಕಲ್ಲಿ ತಡವರಿಸಿಕೊಂಡು ಹೊರಗೆ ಹೋಗಿದ್ದರು.

“ಇಲ್ಲ. ಆದ್ರೆ ಅವರೆಲ್ಲ ಬದುಕಿದಾರಲ್ಲೋ. ಮನೆ ಸೇರ್ಕೊಂಡ್ರಲ್ಲ.”

“ಜನ ಮನೆ ಸೇರ್ಕೊಂಡ್ರು. ಚಪ್ಪಾಳೆ ಸೇರ್ಲಿಲ್ಲ. ನಾವು ವಾರವಾರ ಎಬ್ಬಿಸಿ ಮತ್ತೆ ಕೂರಿಸ್ತಾ ಇದೀವಿ. ಹೋಗಿಬನ್ನಿ ಅಂತ ಯಾರೂ ಅಂದಿಲ್ಲ.” ಅವನು ದನಿ ತಗ್ಗಿಸಿದ. “ನಾಳೆ ಅಂದುಬಿಡಿ ಅಕ್ಕ. ನನಗೆ ಹೆಂಡ್ತಿ ಮಕ್ಕಳಿದಾರೆ.”

ಅಂದುಬಿಟ್ಟರೆ ಎಲ್ಲರೂ ಹೋಗುತ್ತಾರೆ. ಎಲ್ಲರೂ ಎಂದರೆ ಎಲ್ಲರೂ.

ಮನೆಯಲ್ಲಿ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತು ಸುಮ್ಮನೆ ಕೇಳಿದಳು, “ಅಪ್ಪ ಪ್ರೋಗ್ರಾಮಲ್ಲಿ ಯಾಕಮ್ಮ ಅಷ್ಟು ನಿದ್ದೆ ಮಾಡ್ತಿದ್ರು?”

“ನಿದ್ದೆ ಎಲ್ಲಿ ಬಂತು? ನಿನ್ನ ಯಂತ್ರಗಳ ಗಲಾಟೆಲಿ ಯಾರಿಗೆ ಬರುತ್ತೆ ನಿದ್ದೆ?” ಅಮ್ಮ ದಿಂಬಿನ ಚೀಲ ಕೊಡವಿದಳು. “ಊರೆಲ್ಲ ತಟ್ಟೋವಾಗ ತಟ್ಟಿದ್ರೆ ತಮ್ಮದು ನಿನಗೆ ಕೇಳ್ಸಲ್ಲ ಅಂತ ಕಾಯ್ತಿದ್ರು ಕಣೇ. ಎಲ್ಲರಿಗೂ ವಂದನೆ ಹೇಳ್ತಾಳೆ, ಇವಳಿಗೆ ಹೇಳೋರು ಯಾರೂ ಇಲ್ಲ ಅಂತಿದ್ರು. ನಿನಗೆ ಗೊತ್ತಿರ್ಲಿಲ್ವ?”

ಮರುದಿನ ಬಾಗಿಲು ತೆರೆಯುವ ಮುಂಚೆ ಅವಳು ವೇದಿಕೆ ಹತ್ತಿದಳು. ಸೌಂಡಣ್ಣ ಮೈಕೊಂದಕ್ಕೇ ಸಂಪರ್ಕ ಕೊಟ್ಟು ಹಿಂದೆ ನಿಂತ. ಅವಳು ಮಾಮೂಲು ದನಿಯಲ್ಲಿ ಶುರು ಮಾಡಿದಳು. ಮಿಂಚಿನ ಯಂತ್ರ ನಡೆಸಿಕೊಟ್ಟವರಿಗೆ ವಂದನೆ. ದೂರದಿಂದ ಬಂದವರಿಗೆ, ನಿಂತುಕೊಂಡು ನೋಡಿದವರಿಗೆ, ಕತ್ತಲಲ್ಲೂ ಗಲಾಟೆ ಮಾಡದ ಮಕ್ಕಳಿಗೆ ವಂದನೆ. ತಡವಾಗಿದ್ದಕ್ಕೆ ಕ್ಷಮೆ ಇರಲಿ. ಹೋಗಿಬನ್ನಿ.

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಟಪ್ಪನೆ ಮಡಚಿಕೊಂಡಿತು. ಆಮೇಲೆ ಸಾಲಿಗೆ ಸಾಲೇ ಟಪಟಪ ಎದ್ದಿತು. ಬಾಗಿಲ ಹತ್ತಿರ ಬಟ್ಟೆ ಉಜ್ಜಿಕೊಂಡ ಸದ್ದು, ಮಗುವಿನ ನಗು. ನೂಕುಬಾಗಿಲು ಮುಚ್ಚಿಕೊಳ್ಳಲು ಬಿಡುವಿಲ್ಲದೆ ಬಹಳ ಹೊತ್ತು ತೆರೆದೇ ನಿಂತು, ಕೊನೆಗೆ ಮುಚ್ಚಿಕೊಂಡಿತು.

ಮೊದಲ ಸಾಲಿನ ಮೂಲೆ ಕುರ್ಚಿ ಕೆಳಗೇ ಇತ್ತು. ಆ ಕುರ್ಚಿಯಲ್ಲಿ ಕೂತವರಿಗೆ ಅವಳು ವಂದನೆ ಹೇಳಿರಲಿಲ್ಲ. ಮರೆತಿರಲೂ ಇಲ್ಲ.

ಭಾನುವಾರ, ಎಲ್ಲ ಸರಿಹೋಯಿತೆಂಬ ಧೈರ್ಯದಲ್ಲಿ ವೈರು ಮತ್ತೆ ಜೋಡಿಸಿ ಸೌಂಡಣ್ಣ ಗುಂಡಿ ಒತ್ತಿದಾಗ ರೆಕಾರ್ಡಿಂಗಿನಲ್ಲಿ ಸಿಡಿಯುವ ಚಪ್ಪಾಳೆ ಇರಲಿಲ್ಲ. ಟಪ್, ಟಪ್, ಟಪ್, ಅಷ್ಟೇ. ಆದರೆ ಮೂರಕ್ಕೆ ನಿಲ್ಲಲಿಲ್ಲ. ಮೊದಲು ನಿಧಾನ, ಆಮೇಲೆ ಬೇಗ. ಕೇಳುತ್ತ ಕೇಳುತ್ತ ಅದು ಚಪ್ಪಾಳೆಯಂತೆ ಕೇಳಿಸಲಿಲ್ಲ. ಒಳಗಿನಿಂದ ಯಾರೋ ಬಾಗಿಲು ತಟ್ಟುವ ಹಾಗಿತ್ತು. ಒಬ್ಬ ಅಜ್ಜಿ ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡರು. ತಣ್ಣನೆ ಗಾಳಿಗೆ ಬಂದ ಜೋಡಿ ಎದ್ದು ಹೋಯಿತು. ಮುಳ್ಳು ಹಸಿರಿನ ಹತ್ತಿರವೂ ಸುಳಿಯಲಿಲ್ಲ.

ಅಂಕಿರಾಯರು ಗೋಡೆಯ ಹತ್ತಿರ ಹೋಗಿ ಮೀಟರನ್ನು ಬೆರಳಿಂದ ಕುಟ್ಟಿದರು. “ಏನಮ್ಮ ಇದು? ಹಿಂಗಾದ್ರೆ ಮುಂದಿನ ವಾರ ಅಂಗಡಿಯವರಿಗೆ ಕೀಲಿ ಕೊಡ್ಬೇಕಾಗುತ್ತೆ.”

“ಕೊಟ್ಬಿಡಿ ಸಾರ್,” ಎಂದಳು ಅಕ್ಕ.

ಅವರು ಅವಳ ಮುಖ ನೋಡಿ ಹೊರಗೆ ಹೋದರು. ಅಜ್ಜಿಯರೂ ಹೋದರು. ತಟ್ಟುವುದು ನಿಂತಿರಲಿಲ್ಲ. ತಟ್ಟಿ ತಟ್ಟಿ ಅಪ್ಪನ ಕೈಗೆ ನೋವಾಗುವುದಿಲ್ಲವೇ ಎಂದು ಅವಳಿಗೆ ಅನಿಸಿತು. ಇಷ್ಟು ದಿನ ಅದು ಹೊಳೆದಿರಲಿಲ್ಲ.

ಅವಳು ಮೈಕಿನ ಮುಂದೆ ನಿಂತಳು.

“ಕೊನೆಯದಾಗಿ,” ಎಂದಳು. ವಂದನಾರ್ಪಣೆಯಲ್ಲಿ ಈ ಮಾತನ್ನು ಎಷ್ಟೋ ಸಲ ಹೇಳಿ, ಆಮೇಲೂ ಕಾಲು ಗಂಟೆ ಮಾತಾಡಿದವಳು ಅವಳು. ಈ ಸಲ ಚಿಕ್ಕದಾಗಿ ಮುಗಿಸಿದಳು. “ಮೊದಲ ಸಾಲಿನ ಮೂಲೇಲಿ ಕೂತು, ಪ್ರತಿ ಭಾನುವಾರ, ಎಲ್ಲರದೂ ಮುಗಿಯೋ ತನಕ ಕಾದವರಿಗೆ ವಂದನೆ. ನಿದ್ದೆ ಮಾಡ್ತಿದ್ರಿ ಅಂದ್ಕೊಂಡಿದ್ದೆ ಅಪ್ಪ. ಹೋಗಿಬನ್ನಿ.”

ತಟ್ಟುವುದು ನಿಂತಿತು. ಕುರ್ಚಿ ಅವಸರವಿಲ್ಲದೆ ಮೇಲೆದ್ದು ಮಡಚಿಕೊಂಡಿತು. ಕೊಡೆಯ ತುದಿ ನೆಲಕ್ಕೆ ಕುಟ್ಟುವ ಸದ್ದು ಸಾಲಿನ ಉದ್ದಕ್ಕೂ ಹೋಯಿತು. ನೂಕುಬಾಗಿಲು ಒಬ್ಬರಿಗೆ ಬೇಕಾದಷ್ಟು ತೆರೆದು ಮುಚ್ಚಿಕೊಂಡಿತು.

“ಮುಗೀತು ಅಕ್ಕ,” ಎಂದ ಸೌಂಡಣ್ಣ ಹಿಂದಿನಿಂದ. “ಇಳೀರಿ.”

ಅವಳು ಇಳಿಯಲು ಹೊರಟಳು. ಕಾಲು ಏಳಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದಳು. ವೇದಿಕೆಯ ಹಲಗೆ ಅವಳ ಅಂಗಾಲನ್ನು ಬೆಚ್ಚಗೆ ಹಿಡಿದುಕೊಂಡಿತ್ತು, ಕುರ್ಚಿಯ ಮೆತ್ತೆ ಅಂದು ಬೆಚ್ಚಗಿದ್ದ ಹಾಗೆಯೇ. ಎಲ್ಲರಿಗೂ ವಂದನೆ ಹೇಳಿಯಾಗಿತ್ತು. ಹೇಳಿದವಳಿಗೆ ಹೇಳುವವರು ಸಭಾಂಗಣದಲ್ಲಿ ಉಳಿದಿರಲಿಲ್ಲ.

“ಅಕ್ಕ?” ಸೌಂಡಣ್ಣ ಒಂದು ಹೆಜ್ಜೆ ಮುಂದೆ ಬಂದ. “ಯಾಕೆ ಅಲ್ಲೇ ನಿಂತ್ರಿ?”

ಹೊರಗೆ, ಮಗ್ಗಗಳನ್ನು ದಾಟಿ, ಉಗಿಬಂಡಿಯ ಆಚೆ ಎಲ್ಲೋ, ತುಂಬ ತಡವಾಗಿ, ಟಪ್. ಟಪ್. ಟಪ್.

ಅವಳ ಕಾಲು ಹಗುರಾಯಿತು. ಮೆಟ್ಟಿಲು ಇಳಿದು ಬಂದಳು. ಗೋಡೆಯ ಮುಳ್ಳು ಅಲುಗಿರಲಿಲ್ಲ, ಆದರೆ ಸೌಂಡಣ್ಣ ಕೈಯಲ್ಲಿದ್ದ ವೈರು ಬಿಟ್ಟು ಬಾಗಿಲ ಕಡೆಯೇ ನೋಡುತ್ತಿದ್ದ.