ವಿಶ್ವಾಸದ ಠರಾವು

೧೯೩೬ರ ಮಳೆಗಾಲದಲ್ಲಿ ಪುಣೆಯ ಬುಧವಾರ ಪೇಠೆಯ ಒಂದು ಸಣ್ಣ ರೇಡಿಯೋ ಕೇಂದ್ರದಲ್ಲಿ ತನಿಯಪ್ಪನೆಂಬ ಮೆಕ್ಯಾನಿಕ್ ಕರೆಂಟು ಹೊಡೆದು ಸತ್ತ. ಕೇಂದ್ರ ನಡೆಸುತ್ತಿದ್ದದ್ದು ಊರಿನ ಏಳು ಜನ ವ್ಯಾಪಾರಸ್ಥರು, ವಕೀಲರು ಸೇರಿದ ಆಡಳಿತ ಮಂಡಳಿ. ಸಂಜೆ ಎರಡು ತಾಸು ಮರಾಠಿ, ಅರ್ಧ ತಾಸು ಕನ್ನಡ. ಕನ್ನಡ ಸುದ್ದಿ ಓದುತ್ತಿದ್ದವನೂ ಮಂಡಳಿಯ ಕಾರಕೂನನೂ ಒಬ್ಬನೇ, ವಿಜಾಪುರದ ಕಡೆಯ ಶಿವರುದ್ರಪ್ಪ.

ಸಾವಿನ ಬಗ್ಗೆ ಊರಲ್ಲಿ ಮಾತೆದ್ದಾಗ ಮಂಡಳಿ ಸ್ವತಂತ್ರ ವಿಚಾರಣೆಗೆ ಒಪ್ಪಿತು. ರೈಲ್ವೆಯಲ್ಲಿ ಇಂಜಿನಿಯರಾಗಿ ನಿವೃತ್ತರಾಗಿ ದೌಂಡದಲ್ಲಿದ್ದ ಪ್ರಲ್ಹಾದರಾಯರು ಬಂದು, ಪ್ರಸಾರದ ಯಂತ್ರ ನೋಡಿ, ಫೈಲು ನೋಡಿ, ಹೇಳಿಕೆ ಬರೆದುಕೊಂಡು ವರದಿ ಕೊಟ್ಟರು. ಯಂತ್ರದಲ್ಲಿ ದೋಷವಿತ್ತೆನ್ನಲು ಪುರಾವೆಯಿಲ್ಲ. ಕಾರ್ಯದರ್ಶಿ ಮೋಹನದಾಸರ ಹೇಳಿಕೆಯಂತೆ ಮೃತನು ಕುಡಿದಿದ್ದನು. ಮಂಡಳಿ ವರದಿಯಲ್ಲಿ 'ಪೂರ್ಣ ವಿಶ್ವಾಸ'ದ ಠರಾವು ಪಾಸು ಮಾಡಿತು. ಅದೇ ಸಂಜೆ ಶಿವರುದ್ರಪ್ಪ ಅದರ ಸಾರಾಂಶವನ್ನು ರೇಡಿಯೋದಲ್ಲಿ ಓದಿದ.

ಮಾರನೆಯ ದಿನ ತನಿಯಪ್ಪನ ಹೆಂಡತಿ ರಾಜೀವಿ ಕೇಂದ್ರದ ಮೆಟ್ಟಿಲು ಹತ್ತಿ ಬಂದಳು. ಶನಿವಾರ ಪೇಠೆಯಲ್ಲಿ ಮಂಗಳೂರಿನವರೊಬ್ಬರ ಊಟದ ಹೋಟೆಲಿನ ಅಡುಗೆಮನೆಯಲ್ಲಿ ಅವಳಿಗೆ ಕೆಲಸ; ಜನ ಹೆಚ್ಚಾದರೆ ಬಡಿಸುತ್ತಲೂ ಇದ್ದಳು.

"ನಿನ್ನೆ ಓದಿದ್ದು ನೀವೇ ಅಲ್ವಾ?"

"ಹೌದ್ರಿ," ಎಂದ ಶಿವರುದ್ರಪ್ಪ.

"ನಾನು ಒಳಗೆ ತೆಂಗಿನಕಾಯಿ ತುರೀತಾ ಇದ್ದೆ. ಹೊರಗೆ ರೇಡಿಯೋದ ಕೆಳಗೆ ನಲವತ್ತು ಜನ ಊಟಕ್ಕೆ ಕೂತಿದ್ರು. ನನ್ನ ಗಂಡ ಕುಡಿದು ಸತ್ತ ಅಂತ ನಿಮ್ಮ ಬಾಯಿಂದ ಕೇಳಿದ್ರು. ಕುಡಿದದ್ದನ್ನು ನೋಡಿದ್ದು ಯಾರು?"

"ವರದಿಯೊಳಗ ಹಂಗ ಬರದಾರ್ರಿ."

ಒಳಗಿನ ಕೋಣೆಯಿಂದ ಮೋಹನದಾಸರು ಬಂದರು. ತನಿಯಪ್ಪ, ರಾಜೀವಿಯರ ಹಾಗೆ ಅವರೂ ಕರಾವಳಿಯವರೇ, ಮರದ ವ್ಯಾಪಾರಿ. "ಶೇಂದಿ ಇಳಿಸುವ ಮನೆತನ ಅಲ್ವಾ ನಿಮ್ಮದು? ಕುಡಿಯುವುದು ಹೊಸತಾ?"

ರಾಜೀವಿ ಅವರನ್ನೇ ದಿಟ್ಟಿಸಿ ನೋಡಿದಳು. "ಹೌದು. ನನ್ನ ಮಾವ ನಲವತ್ತು ವರ್ಷ ಮರ ಹತ್ತಿದವರು. ಕುಡಿದು ಹತ್ತಿದವ ಮನೆಗೆ ಬರುವುದಿಲ್ಲ, ಅವನ ಹೆಣ ಬರ್ತದೆ. ನಮ್ಮ ಮನೆಯಲ್ಲಿ ಇಳಿಸುವವರು ಇದ್ದಾರೆ. ಕುಡಿಯುವವರು ನಿಮ್ಮಂಥ ದೊಡ್ಡವರು."

ಅವಳು ಇಳಿದುಹೋದ ಮೇಲೆ ಶಿವರುದ್ರಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ನಿಜ ಅವನಿಗೆ ಗೊತ್ತಿತ್ತು. ತನಿಯಪ್ಪ ಕುಡಿದದ್ದನ್ನು ಅವನು ಒಂದು ದಿನವೂ ಕಂಡಿರಲಿಲ್ಲ. ಸಾಯುವ ಒಂದು ತಿಂಗಳ ಮೊದಲು ತನಿಯಪ್ಪ ಬಂದು, "ಯಂತ್ರದ ಪೆಟ್ಟಿಗೆ ಮುಟ್ಟಿದ್ರೆ ಜುಮ್ ಅಂತದೆ ಮಾರಾಯ್ರೆ, ಅರ್ಥಿಂಗ್ ತಂತಿ ತುಂಡಾಗಿದೆ, ಒಂದು ಕಾಗದ ಬರೆದುಕೊಡಿ," ಎಂದಿದ್ದ. ಬರೆದುಕೊಟ್ಟವನು ಶಿವರುದ್ರಪ್ಪನೇ. ಮೋಹನದಾಸರು ಅದರ ಮೇಲೆ 'ಮುಂದಿನ ಸಭೆಗೆ' ಎಂದು ಗೀಚಿ ಸಹಿ ಹಾಕಿದ್ದರು. ವಿಚಾರಣೆಯ ಹಿಂದಿನ ದಿನ, "ಈ ಕಾಗದ ಫೈಲಿನಲ್ಲಿ ಬೇಡ. ನಿನಗೆ ಕೆಲಸ ಬೇಕಲ್ಲ?" ಎಂದಿದ್ದರು. ಶಿವರುದ್ರಪ್ಪ ತನ್ನ ಕೈಯಾರೆ ಅದನ್ನು ತೆಗೆದಿದ್ದ. ಸುಡಲು ಮನಸ್ಸಾಗದೆ ಟ್ರಂಕಿನಲ್ಲಿಟ್ಟಿದ್ದ.

ರವಿವಾರ ಆ ಕಾಗದ ಹಿಡಿದು ಅವನು ದೌಂಡದ ಗಾಡಿ ಹತ್ತಿದ. ಪ್ರಲ್ಹಾದರಾಯರು ಕಟ್ಟೆಯ ಮೇಲೆ ಕೂತು ಅದನ್ನು ಎರಡು ಸಲ ಓದಿದರು.

"ಇದನ್ನ ಫೈಲಿನಿಂದ ತಗದಾಂವ ಯಾರು?"

"ನಾನರಿ."

"ನಾಚಿಕಿ ಆಗಲಿಲ್ಲೇನು ನಿನಗ?" ರಾಯರು ಎದ್ದು ನಿಂತರು. ಹೊಡೆಯುತ್ತಾರೆಂದೇ ಶಿವರುದ್ರಪ್ಪ ಅಂದುಕೊಂಡ. ಆದರೆ ಅವರು ಕಂಬಕ್ಕೆ ಗುದ್ದಿದರು. "ನಾ ನೋಡಿದ ಅರ್ಥಿಂಗ್ ತಂತಿ ಹೊಸಾದಿತ್ತು. ಫಳಫಳ ಹೊಳೀತಿತ್ತು! ಯಾವಾಗ ಹಾಕಿದ್ರಿ ಅಂತ ಒಂದು ಮಾತು ಕೇಳಲಿಲ್ಲ ನಾನು. ಮೂವತ್ತು ವರ್ಷ ಇದ ಕೆಲಸ ಮಾಡಿದಾಂವ!"

ಅವರ ಪತ್ರ ತಲುಪಿದ ಮೇಲೆ ಮಂಡಳಿ ವಿಶೇಷ ಸಭೆ ಕರೆಯಲೇಬೇಕಾಯಿತು. ವಿಷಯ: ವಿಚಾರಣಾ ವರದಿಯ ಮೇಲಿನ ವಿಶ್ವಾಸದ ಪುನರ್ವಿಚಾರ. ಏಳು ಜನ ಮೇಜಿನ ಸುತ್ತ ಕೂತರು. ರಾಯರು ಒಂದು ಬದಿಗೆ. ರಾಜೀವಿಗೆ ಯಾರೂ ಕುರ್ಚಿ ಕೊಡಲಿಲ್ಲ. ಅವಳು ಬಾಗಿಲಲ್ಲೇ ನಿಂತಳು.

ಅಧ್ಯಕ್ಷರು ಭುಜಂಗರಾಯರು, ಗದಗಿನಿಂದ ಬಂದು ನೆಲೆಸಿದ್ದ ಅರಳೆ ವ್ಯಾಪಾರಿ. "ವರದಿ ಒಪ್ಪಿ ಆಗ್ಯದ," ಎಂದರು. "ಈಗ ತಿರುಗಿಸಿದರ ಸರಕಾರ ಲೈಸೆನ್ಸ್ ಕಸಗೋತದ. ಇಷ್ಟ ಬರಕೊಳ್ಳೋಣ: ಹೊಸ ಕಾಗದವನ್ನು ಗಮನಿಸಿಯೂ ಮಂಡಳಿಯ ವಿಶ್ವಾಸ ಕುಂದಿಲ್ಲ."

ಕೈ ಎತ್ತಲು ಹೇಳಿದರು. ನಾಲ್ಕು ಕೈ ಎದ್ದವು.

ಪ್ರಲ್ಹಾದರಾಯರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ನಿಮಗ ಈ ವರದಿ ಮ್ಯಾಲೆ ವಿಶ್ವಾಸ ಅದ. ಬರದಾಂವಗ ಇಲ್ಲ!" ಮೇಜಿನ ಮೇಲಿದ್ದ ವರದಿಯನ್ನು ಎಳೆದುಕೊಂಡು, ಮೊದಲ ಪುಟದ ಮೇಲೆ ಅಡ್ಡಲಾಗಿ 'ಹಿಂದಕ್ಕೆ ಪಡೆದಿದ್ದೇನೆ' ಎಂದು ಬರೆದು ಸಹಿ ಹಾಕಿದರು. "ಕಾಗದ ಮುಚ್ಚಿಟ್ಟು ನನ್ನ ಕಡಿಂದ ಸುಳ್ಳು ಬರಿಸಿದ್ರಿ. ಇದನ್ನ ನೀವು ರೇಡಿಯೋದಾಗ ಹೇಳದಿದ್ದರ ನಾ ಪೇಪರಿನಾಗ ಹೇಳತೇನಿ."

"ಕಾಗದ ಮುಚ್ಚಿಟ್ಟವ ಈ ಕಾರಕೂನ!" ಎಂದು ಮೋಹನದಾಸರು ಶಿವರುದ್ರಪ್ಪನತ್ತ ಬೆರಳು ಮಾಡಿದರು.

ಶಿವರುದ್ರಪ್ಪ ನಡಾವಳಿಯ ಪುಸ್ತಕ ಮುಚ್ಚಿದ. "ಹೌದ್ರಿ, ನಾನ ತಗದೇನಿ. ತಗಿ ಅಂದಾವ್ರು ನೀವು. ಎರಡನ್ನೂ ಬರಕೊಳ್ರಿ."

ಭುಜಂಗರಾಯರು ಬಾಗಿಲ ಕಡೆ ತಿರುಗಿ ಧ್ವನಿ ತಗ್ಗಿಸಿದರು. "ತಂಗೀ, ನಿಮಗೊಂದು ವಿಷಾದದ ಪತ್ರ ಬರದು ಕಳಸ್ತೇವಿ. ಆತಲ್ಲ?"

"ನನಗೆ ಓದಲಿಕ್ಕೆ ಬರುವುದಿಲ್ಲ," ಎಂದಳು ರಾಜೀವಿ. "ಊರಿಗೆಲ್ಲ ಕೂಗಿ ಹೇಳಿ ಮಾನ ತೆಗೆದಿರಿ. ಈಗ ನನ್ನೊಬ್ಬಳ ಕಿವಿಗೆ ಗುಟ್ಟಲ್ಲಿ ಹೇಳ್ತೀರಾ? ಅದೇ ಹೊತ್ತಿಗೆ, ಅದೇ ರೇಡಿಯೋದಲ್ಲಿ, ಅದೇ ಬಾಯಿ ಓದಬೇಕು. ಅಲ್ಲಿವರೆಗೆ ನಾನು ಈ ಬಾಗಿಲು ಬಿಟ್ಟು ಹೋಗುವುದಿಲ್ಲ."

ಮತ್ತೊಮ್ಮೆ ಕೈ ಎತ್ತಿಸಿದರು. ಈ ಸಲ ವರದಿಯ ಪರ ಎದ್ದದ್ದು ಎರಡೇ ಕೈ. ವಿಶ್ವಾಸದ ಠರಾವು ರದ್ದಾಯಿತು. ರೇಡಿಯೋಕ್ಕೆಂದು ಶಿವರುದ್ರಪ್ಪ ಬರೆದ ಪ್ರಕಟಣೆಯಲ್ಲಿ ಕಾರ್ಯದರ್ಶಿಯ ಹೆಸರಿದ್ದ ಸಾಲನ್ನು ಭುಜಂಗರಾಯರು ಕೆಂಪು ಮಸಿಯಿಂದ ಹೊಡೆದುಹಾಕಿ, "ಇಷ್ಟ ಸಾಕು," ಎಂದರು.

ಆ ಸಂಜೆ ಶಿವರುದ್ರಪ್ಪ ಮೈಕಿನ ಮುಂದೆ ಕೂತ. ತನಿಯಪ್ಪ ಕುಡಿದಿರಲಿಲ್ಲ ಎಂದು ಓದಿದ. ಅವನು ಮೊದಲೇ ಎಚ್ಚರಿಸಿದ್ದನೆಂದು ಓದಿದ. ಹೊಡೆದುಹಾಕಿದ ಸಾಲು ಬಂದಾಗ ಗಾಜಿನ ಆಚೆ ಮೋಹನದಾಸರು ನಿಂತಿರುವುದು ಕಂಡಿತು. ಆ ಸಾಲನ್ನೂ ಓದಿದ. ಕಾಗದ ತೆಗೆದ ತನ್ನ ಹೆಸರನ್ನೂ ಸೇರಿಸಿ ಓದಿದ.

ಮರುದಿನ ಅವನ ಕೆಲಸ ಹೋಯಿತು. ಮೋಹನದಾಸರು ಮುಂದಿನ ವರ್ಷವೂ ಕಾರ್ಯದರ್ಶಿಯಾಗಿಯೇ ಉಳಿದರು. ಅವರನ್ನು ತೆಗೆಯುವ ಮಾತು ಯಾವ ಸಭೆಯಲ್ಲೂ ಬರಲಿಲ್ಲ.

ಕೆಲಸ ಹೋದ ದಿನ ಮಧ್ಯಾಹ್ನ ಶಿವರುದ್ರಪ್ಪ ಶನಿವಾರ ಪೇಠೆಯ ಹೋಟೆಲಿಗೆ ಹೋದ. ರಾಜೀವಿ ಕೈಯೊರೆಸಿಕೊಳ್ಳುತ್ತ ಹೊರಬಂದಳು.

"ತಪ್ಪಾತ್ರಿ ನಂದು," ಎಂದ.

"ಓದಿದ್ದು ಆ ಬಾಗಿಲಲ್ಲೇ ನಿಂತು ಕೇಳಿದೆ. ಇಲ್ಲಿ ಊಟಕ್ಕೆ ಕೂತವರೆಲ್ಲ ಕೇಳಿದ್ರಂತೆ," ಎಂದಳು. "ಆದರೆ ನೀವು ಆ ಕಾಗದವನ್ನು ಮೊದಲೇ ಕೊಟ್ಟಿದ್ದರೆ, ಇಷ್ಟು ದಿನ ನಾನು ಈ ಜನರ ಮುಂದೆ ತಲೆತಗ್ಗಿಸಿ ಬಡಿಸಬೇಕಾಗಿರಲಿಲ್ಲ. ಇಲ್ಲಿ ಊಟಕ್ಕೆ ಬರಬೇಡಿ. ನಿಮಗೆ ಬಡಿಸಲಿಕ್ಕೆ ನನ್ನಿಂದ ಆಗುವುದಿಲ್ಲ."

ಅವನು ತಲೆಯಾಡಿಸಿ ಬೀದಿಗಿಳಿದ. ಅವಳ ಸಿಟ್ಟು ನ್ಯಾಯವೆಂದು ಅವನಿಗೆ ಗೊತ್ತಿತ್ತು.