ಹಿಸ್ಸೆಯಲ್ಲಿ ಬಂದ ಸ್ಪೀಕರು

ಮೇಳಿಗೆಯ ಮುಕುಂದಯ್ಯನವರ ಮನೆಗೆ ಹೊಸದಾಗಿ ಬಂದವರೆಲ್ಲ ಕೂತ ಕೂಡಲೇ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಈ ವೈರು ಎಲ್ಲಿಗೆ ಹೋಗ್ತದೆ?" ಜಗಲಿಯ ಕಪಾಟಿನ ಮೇಲಿದ್ದ ಹಳೆಯ ಸ್ಟೀರಿಯೊ ಸೆಟ್ಟಿನ ಬೆನ್ನಿನಿಂದ ಎರಡು ವೈರು ಹೊರಡುತ್ತಿದ್ದವು. ಒಂದು ಪಕ್ಕದಲ್ಲೇ ಇದ್ದ ಸ್ಪೀಕರಿಗೆ ಹೋಗುತ್ತಿತ್ತು, ಸರಿ. ಇನ್ನೊಂದು ಗೋಡೆಗುಂಟ ಸಾಗಿ ಒಂದು ತೂತಿನೊಳಗೆ ನುಗ್ಗಿ ಮಾಯವಾಗುತ್ತಿತ್ತು. ಆ ಗೋಡೆಯ ಆಚೆ ಇದ್ದದ್ದು ಅವರ ತಮ್ಮ ರವೀಂದ್ರನ ಮನೆ. "ಎಲ್ಲಿಗೋ ಹೋಗ್ತದೆ, ನಿಮಗೆಂಥಕ್ಕೆ? ಕಾಫಿ ಕುಡೀರಿ" ಎಂದು ಮುಕುಂದಯ್ಯ ಮಾತು ಮುಗಿಸಿಬಿಡುತ್ತಿದ್ದರು.

ಆ ಸೆಟ್ಟು ತರುವಾಗ ಅಣ್ಣ ತಮ್ಮ ಒಂದೇ ಮನೆಯಲ್ಲಿದ್ದರು. ಸಾಗರದ ಅಂಗಡಿಯಲ್ಲಿ ಅದನ್ನು ಕೊಂಡು ಸಂಜೆ ಬಸ್ಸು ಹತ್ತಿದರು. ಸ್ಪೀಕರುಗಳನ್ನು ಬಸ್ಸಿನ ಟಾಪಿಗೆ ಹಾಕಲು ಜೀವ ಒಪ್ಪದೆ, ಒಬ್ಬೊಬ್ಬರು ಒಂದೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ಮಕ್ಕಳಿಗೆ ಅರ್ಧ ಟಿಕೇಟು ತಗೊಳ್ರಿ" ಎಂದು ಕಂಡಕ್ಟರು ತಮಾಷೆ ಮಾಡಿದ. ಹೊಸನಗರದಲ್ಲಿ ಬಸ್ಸು ನಿಂತಾಗ ಒಬ್ಬ ಇಳಿದು ಚಹಾ ಕುಡಿದು ಬರುವವರೆಗೆ ಇನ್ನೊಬ್ಬ ಎರಡನ್ನೂ ಅಪ್ಪಿಕೊಂಡು ಕಾದ. ರವೀಂದ್ರ ದಾರಿಯುದ್ದಕ್ಕೂ ತನ್ನ ಪೆಟ್ಟಿಗೆಯ ಮೇಲೆ ಬೆರಳಲ್ಲಿ ಮದ್ದಲೆ ಬಾರಿಸುತ್ತಿದ್ದ. "ಸುಮ್ನೆ ಕೂರೋ, ಒಡೆದೀತು" ಎಂದು ಇವರು ಬಯ್ದಷ್ಟೂ ಅವನ ಬೆರಳು ಜೋರಾಗುತ್ತಿತ್ತು. ಆ ದಿನವನ್ನು ನೆನೆದರೆ ಮುಕುಂದಯ್ಯನವರಿಗೆ ಈಗಲೂ ಎದೆ ತುಂಬಿ ಬರುತ್ತದೆ.

ಆಮೇಲೆ ಮನೆ ಹಿಸ್ಸೆಯಾಯಿತು. ಯಾಕಾಯಿತು ಎಂದು ಈಗ ಕೇಳಿದರೆ ಇಬ್ಬರೂ ತಡಬಡಾಯಿಸಬೇಕು. ಪಂಚಾಯ್ತಿಗೆ ಕೂತ ಹಿರಿಯರು ಹಂಡೆಗೆ ಹಂಡೆ, ಏಣಿಗೆ ಏಣಿ ಎಂದು ಸಮ ಮಾಡುತ್ತ ಬಂದವರು ಸ್ಟೀರಿಯೊ ಎದುರು ನಿಂತರು. "ಸ್ಪೀಕರು ಎರಡು, ಗಂಡುಮಕ್ಕಳೂ ಇಬ್ಬರು. ಇದ್ರಲ್ಲಿ ಎಂಥ ತಕರಾರು?" ಎಂದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೇಬಿಟ್ಟರು. ಹಾಡುವ ಸೆಟ್ಟು ಅಣ್ಣನಿಗೆ, ಅದರ ಬದಲಿಗೆ ಗ್ರೈಂಡರು ತಮ್ಮನಿಗೆ. ಸೆಟ್ಟಿಲ್ಲದ ಬರೀ ಸ್ಪೀಕರನ್ನು ಇಟ್ಟುಕೊಂಡು ಅವನೇನು ಪೂಜೆ ಮಾಡಬೇಕೇ ಎಂದು ಕೇಳುವ ಪುಣ್ಯಾತ್ಮ ಒಬ್ಬನೂ ಅಲ್ಲಿರಲಿಲ್ಲ. ಜಗಲಿಯ ನಡುವೆ ಗೋಡೆ ಏಳುವಾಗ ಮೇಸ್ತ್ರಿ ವೈರನ್ನು ಎತ್ತಿ ಹಿಡಿದು "ಇದನ್ನೇನು ಮಾಡೋದು?" ಎಂದ. ಅಣ್ಣ ತಮ್ಮನ ಮುಖ ನೋಡಲಿಲ್ಲ, ತಮ್ಮ ಅಣ್ಣನ ಮುಖ ನೋಡಲಿಲ್ಲ. ಆದರೆ ಕತ್ತರಿಸು ಎಂದು ಮಾತ್ರ ಇಬ್ಬರ ಬಾಯಿಂದಲೂ ಬರಲಿಲ್ಲ. ಮೇಸ್ತ್ರಿ ವೈರಿಗೆ ಜಾಗ ಬಿಟ್ಟು ಗೋಡೆ ಕಟ್ಟಿದ.

ಅಂದಿನಿಂದ ಅವರಿಬ್ಬರ ಮಾತು ಸವೆಯುತ್ತ ಸವೆಯುತ್ತ, ಮದುವೆ ಮನೆಯಲ್ಲಿ ಎದುರಾದರೆ "ಬಂದ್ಯಾ?" "ಹ್ಞೂಂ" ಎನ್ನುವಷ್ಟಕ್ಕೆ ಬಂದು ನಿಂತಿತ್ತು. ಆದರೆ ಬೆಳಗಿನ ಕಾಫಿಯ ಹೊತ್ತಿಗೆ ಮುಕುಂದಯ್ಯ ತಪ್ಪದೆ ಒಂದು ತಾಳಮದ್ದಲೆ ಕ್ಯಾಸೆಟ್ಟು ಹಾಕುತ್ತಿದ್ದರು. ಭಾಗವತರ ಪದ ಈಚೆ ಕಡೆಯ ಸ್ಪೀಕರಿನಲ್ಲಿ ಹೆಚ್ಚು, ಮದ್ದಲೆ ಆಚೆ ಕಡೆಯದರಲ್ಲಿ ಹೆಚ್ಚು. ಮದ್ದಲೆಯ ಹುಚ್ಚಿನ ತಮ್ಮ ಆಚೆ ಕೂತು ಕೇಳುತ್ತಿದ್ದಾನೆ ಎಂಬುದೇ ಇವರಿಗೆ ಅವನೊಡನೆ ಮಾತಾಡಿದಂತೆ. ಇದನ್ನು ಹೆಂಡತಿ ಹೂವಮ್ಮನ ಹತ್ತಿರವೂ ಬಾಯಿಬಿಟ್ಟು ಹೇಳಿದವರಲ್ಲ. ಜಂಬ ಬಿಡಬೇಕಲ್ಲ!

ಈ ವರ್ಷ ಚೌತಿ ಕಳೆದದ್ದೇ ಸೆಟ್ಟು ಕೈಕೊಟ್ಟಿತು. ಒಂದು ಬೆಳಗ್ಗೆ ಕ್ಯಾಸೆಟ್ಟಿನ ಟೇಪನ್ನೆಲ್ಲ ಶ್ಯಾವಿಗೆಯಂತೆ ಹೊರಕ್ಕೆ ಕಕ್ಕಿ ಸುಮ್ಮನಾಯಿತು. ತೀರ್ಥಹಳ್ಳಿಯ ರಿಪೇರಿ ಅಂಗಡಿಯವನು ಇದರ ಪಾರ್ಟು ಈಗ ಎಲ್ಲೂ ಸಿಗುವುದಿಲ್ಲ ಎಂದು ಕೈ ಮುಗಿದ. ಸಾಗರದ ತವರಿಗೆ ಹೋಗಿದ್ದ ಸೊಸೆ ಸೌಜನ್ಯಾ ಬರುವಾಗ ತೆಂಗಿನಕಾಯಿ ಗಾತ್ರದ ಎರಡು ವೈರ್‌ಲೆಸ್ ಸ್ಪೀಕರು ತಂದಳು. ಮಾವನ ಇಷ್ಟದ ಪ್ರಸಂಗಗಳನ್ನೆಲ್ಲ ಮೊಬೈಲಿನಲ್ಲಿ ಹುಡುಕಿಟ್ಟಳು.

"ಇವೆರಡೂ ಜೋಡಿ ಮಾವ. ಒಂದನ್ನ ಇಲ್ಲಿಟ್ಟು ಇನ್ನೊಂದನ್ನ ಅಡುಗೆಮನೇಲಿಟ್ರೂ ಒಟ್ಟಿಗೇ ಹಾಡ್ತವೆ. ಹೆಂಗಿದೆ?"

"ಚೆನ್ನಾಗಿದೆ ಕಣಮ್ಮ."

ಸುಳ್ಳಲ್ಲ. ಹಳೆಯದರಲ್ಲಿ ಕೇಳದೇ ಇದ್ದ ತಾಳದ ಕಿಣಿಕಿಣಿಯೂ ಇದರಲ್ಲಿ ಕೇಳುತ್ತಿತ್ತು. ಆದರೆ ಮುಕುಂದಯ್ಯನವರ ಕಣ್ಣು ಗೋಡೆಯ ತೂತಿನ ಮೇಲೇ ಇತ್ತು. ಆಚೆ ಕೂತ ತಮ್ಮ ಏನೆಂದುಕೊಂಡಾನು? ಅಣ್ಣ ಹೊಸದು ತಂದ, ನನ್ನನ್ನು ಬೇಕೆಂದೇ ಬಿಟ್ಟ ಎಂದುಕೊಳ್ಳುವುದಿಲ್ಲವೇ? ಇಬ್ಬರ ನಡುವೆ ಉಳಿದಿದ್ದದ್ದೇ ಅದೊಂದು ವೈರು, ಈಗ ಅದೂ ಹೋಯಿತು. ಹೋಗಿ ಹೇಳಿದರೆ ಮುಗಿಯುತ್ತಿತ್ತು, ಅಂಗಳ ದಾಟಿದರೆ ಅವನ ಬಾಗಿಲು. ಆ ಅಂಗಳ ದಾಟುವುದು ಅವರಿಗೆ ಆಗುಂಬೆ ಘಾಟಿ ಹತ್ತಿದಷ್ಟು ಕಷ್ಟವಾಗಿತ್ತು.

ಭಾನುವಾರ ಸೌಜನ್ಯಾ ಪೊರಕೆ ಹಿಡಿದು ಜಗಲಿಗೆ ಬಂದಳು. "ಮಾವ, ಗೋಡೆಗೆ ಸುಣ್ಣ ಹೊಡೆಸೋದಿದೆ. ಆ ಹಳೇ ವೈರು ತೆಗೆದು ತೂತು ಮುಚ್ಚಿಸಿಬಿಡೋಣ."

ಬೇಡ ಎನ್ನಲು ಒಂದು ಕಾರಣವಾದರೂ ಬೇಕಲ್ಲ. "ನೀ ಮುಟ್ಟಬೇಡ, ನಾನೇ ತೆಗೀತೀನಿ" ಎಂದರು ಮುಕುಂದಯ್ಯ. ಅವಳು ಅಂಗಳ ಗುಡಿಸಲು ಹೋದ ಮೇಲೆ ಗೋಡೆಯ ಹತ್ತಿರ ನಿಂತು ವೈರನ್ನು ಹಿಡಿದರು. ಮೆಲ್ಲಗೆ ಎಳೆದರೆ ಅರ್ಧ ಮೊಳ ಬಂದು ನಿಂತಿತು. ಇನ್ನೊಮ್ಮೆ ಎಳೆದರು. ಆಗ ವೈರು ಸರಕ್ಕನೆ ಅವರ ಬೆರಳ ಸಂದಿಯಿಂದ ಜಾರಿ ತೂತಿನೊಳಗೆ ವಾಪಸು ಹೋಯಿತು. ಆಚೆಯಿಂದ ಯಾರೋ ಎಳೆದಿದ್ದರು.

"ಯಾರದು?"

"ನಾನು. ಎಂಥಕ್ಕೆ ಎಳೀತೀಯ ಅಣ್ಣಯ್ಯ?"

ಅಣ್ಣಯ್ಯ ಎಂಬ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಮುಕುಂದಯ್ಯ ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟರು.

"ಸೆಟ್ಟು ಹಾಳಾಯ್ತು ಮಾರಾಯ. ನಾನು ಬೇಕಂತ ನಿಲ್ಸಿದ್ದಲ್ಲ. ಇನ್ನು ನಿನ್ನ ಸ್ಪೀಕರಿಗೆ ಬರೂದಿಲ್ಲ, ಅದಕ್ಕೇ."

"ನನ್ನ ಸ್ಪೀಕರು ಹಾಳಾಗಿ ಎರಡು ಮೂರು ಮಳೆಗಾಲ ಆಯ್ತು" ಎಂದ ರವೀಂದ್ರ.

"ಹಂಗಾದ್ರೆ ಹೇಳೋದಲ್ವೇನೋ?"

"ಹೇಳಿದ್ರೆ, ಇನ್ಯಾರಿಗೆ ಅಂತ ನೀ ಹಾಕೋದೇ ನಿಲ್ಸಿಬಿಟ್ರೆ?"

ಮುಕುಂದಯ್ಯ ಎದ್ದು ಹೊಸ ಸ್ಪೀಕರುಗಳಲ್ಲಿ ಒಂದನ್ನು ಎತ್ತಿಕೊಂಡರು. "ಅದನ್ನ ಎತ್ಕೊಂಡು ಎಲ್ಲಿಗೆ ಹೊರಟ್ರಿ?" ಎಂದು ಹೂವಮ್ಮ ಒಳಗಿನಿಂದ ಕೇಳಿದರು. "ರವೀಂದ್ರನ ಮನೆಗೆ" ಎಂದರು ಇವರು. ಹಿಂದೆ ಬಸ್ಸಿನಲ್ಲಿ ಹಿಡಿದಂತೆಯೇ ಅದನ್ನು ಎದೆಗವಚಿಕೊಂಡು ಮುಕುಂದಯ್ಯ ಅಂಗಳ ದಾಟಿದರು. ಘಾಟಿಯೂ ಇರಲಿಲ್ಲ, ಏನೂ ಇರಲಿಲ್ಲ.

ತಮ್ಮನ ಜಗಲಿಯಲ್ಲಿ ಹಳೆಯ ಸ್ಪೀಕರು ಸ್ಟೂಲಿನ ಮೇಲೆ ಕೂತಿತ್ತು, ಒಂದಿಷ್ಟೂ ಧೂಳಿರಲಿಲ್ಲ. ಆದರೆ ಕುರ್ಚಿ ಇದ್ದದ್ದು ಅದರ ಎದುರಿಗಲ್ಲ, ಗೋಡೆಗೆ ತಾಗಿಸಿ, ವೈರಿನ ತೂತಿನ ಬುಡಕ್ಕೆ. ತೂತಿನ ಪಕ್ಕ ಸುಣ್ಣದ ಗೋಡೆಯ ಮೇಲೆ ಅಂಗೈಯಗಲದ ಎಣ್ಣೆಯ ಕಲೆ. ದಿನವೂ ಕಿವಿಗೊಟ್ಟು ತಲೆ ಆನಿಸಿ ಆದದ್ದು. ಮುಕುಂದಯ್ಯ ಅದನ್ನೇ ನೋಡುತ್ತ ನಿಂತರು. ಅಳು ಬಂತು. ತಡೆದುಕೊಳ್ಳಲು ಹೋಗಲಿಲ್ಲ.

"ತಗೋ, ಇದು ನಿನ್ನ ಪಾಲಿಂದು" ಎಂದು ಸ್ಪೀಕರನ್ನು ಅವನ ಕೈಗಿಟ್ಟರು.

ರವೀಂದ್ರ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ವೈರು ಎಲ್ಲಿಂದ ಬರುತ್ತದೆಂದು ಹುಡುಕಿದನೋ ಏನೋ. ಆಮೇಲೆ ತನಗೇ ಗೊತ್ತಿಲ್ಲದಂತೆ ಅದರ ಮೇಲೆ ಬೆರಳಾಡಿಸತೊಡಗಿದ.

"ಸುಮ್ನೆ ಕೂರೋ, ಒಡೆದೀತು" ಎಂದರು ಮುಕುಂದಯ್ಯ. ತಮ್ಮ ನಕ್ಕ. ಕೂದಲೆಲ್ಲ ಬೆಳ್ಳಗಾದರೂ ನಗು ಅದೇ.

"ಒಂದೇ ತಂದ್ಯಾ? ಇನ್ನೊಂದನ್ನೂ ತರಿಸು ಅಣ್ಣಯ್ಯ. ಈ ವಯಸ್ಸಲ್ಲಿ ಮತ್ತೆ ಅರ್ಧ ಕೇಳೋದು ನನ್ನಿಂದಾಗಲ್ಲ."

ಮುಕುಂದಯ್ಯ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದರು. "ಸೌಜನ್ಯಾ, ಆ ಇನ್ನೊಂದನ್ನ ಇಲ್ಲಿಗೆ ತಗೊಂಡ್ ಬಾರಮ್ಮ" ಎಂದು ಅಂಗಳದಲ್ಲಿದ್ದ ಸೊಸೆಯನ್ನು ಕೂಗಿದರು. "ಅತ್ತೇನೂ ಕರ್ಕೊಂಡು ಬಾ. ಮೊಬೈಲು ಮರೀಬೇಡ."