ಬಸಲಿಂಗವ್ವನ ಸೋಲಾರ್ ಪ್ಲೇಟುಗಳು

ಇಳಕಲ್ಲಿನ ಬಸಲಿಂಗವ್ವನಿಗೆ ಅರವತ್ತೆಂಟು ತುಂಬಿದ್ದರೂ ಮಗ್ಗದ ಮುಂದೆ ಕುಳಿತರೆ ಏಳುವ ಮಾತೇ ಇಲ್ಲ. ಮೊಣಕಾಲು ಮಾತ್ರ ಹತ್ತು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಆಗ ಮಾಳಿಗೆಯ ಮೇಲೆ ನಾಲ್ಕು ಸೋಲಾರ್ ಪ್ಲೇಟು ಹಾಕಿಸಿ, ಅದರ ಕರೆಂಟಿಗಷ್ಟೇ ಓಡುವ ಸಣ್ಣ ಮೋಟಾರನ್ನು ಮಗ್ಗಕ್ಕೆ ಜೋಡಿಸಿದ್ದರು. ತುಳಿಯುವ ಕೆಲಸ ಮೋಟಾರಿನದು, ನೇಯುವ ಕೈ ಅವಳದು. ಇಬ್ಬರೂ ಚೆನ್ನಾಗಿಯೇ ಹೊಂದಿಕೊಂಡಿದ್ದರು.

ಈ ಬೇಸಿಗೆಯಲ್ಲಿ ಮೋಟಾರು ಮುನಿಸಿಕೊಂಡಿತು. ನೆತ್ತಿ ಸುಡುವ ಬಿಸಿಲಿದ್ದರೂ ನಾಲ್ಕು ಎಳೆ ನೇಯುವಷ್ಟರಲ್ಲಿ ನಿಂತುಬಿಡುತ್ತಿತ್ತು. ಮಗ ವಿಜಯಮಹಾಂತೇಶನಿಗೆ ಇಂಥದೊಂದು ನೆಪವೇ ಬೇಕಾಗಿತ್ತು.

“ಪ್ಲೇಟಿಗೂ ವಯಸ್ಸಾತು, ನಿನಗೂ ವಯಸ್ಸಾತು. ಸಾಕು ಮಾಡಬೇ ಯವ್ವಾ. ಐತವಾರ ಹಳೇ ಮಗ್ಗ ಕೊಳ್ಳೋ ಗುಡೂರಿನವ್ರು ಬಂದು ಒಯ್ತಾರ. ಪ್ಲೇಟ್ ಊರಹೊರಗಿನ ಹಳೇ ಕಲ್ಲಿನ ಕ್ವಾರಿಗೆ ಒಗದ್ರಾತು.”

ಮಗ ಕೆಟ್ಟವನಲ್ಲ, ತಾಯಿ ನರಳುವುದನ್ನು ನೋಡಲಾರದೆ ಆಡಿದ ಮಾತು. ಆದರೂ ಬಸಲಿಂಗವ್ವನಿಗೆ ಒಪ್ಪಿಗೆಯಾಗಲಿಲ್ಲ. ಮಗ್ಗ ಹೋದ ಮೇಲೆ ಹಗಲೆಲ್ಲ ಟಿವಿ ಮುಂದೆ ಕುಳಿತು ಕಂಡವರ ಮನೆಯ ಅತ್ತೆ-ಸೊಸೆ ಜಗಳ ನೋಡಬೇಕೆ?

“ಐತವಾರಕ್ಕ ಇನ್ನೂ ಮೂರು ದಿನ ಐತಿ. ಮೊದಲ ರಿಪೇರಿಯವ ಬಂದು ನೋಡ್ಲಿ,” ಎಂದಳು.

ಶುಕ್ರವಾರ ಹುನಗುಂದದಿಂದ ಸೋಲಾರ್ ರಿಪೇರಿಯ ಶಾಹಿದ ಬಂದ. ಗಂಡ ಹೊಳಬಸಪ್ಪ ಅವನನ್ನು ಕರೆದುಕೊಂಡು ಮಾಳಿಗೆ ಹತ್ತಿದ. ಕೆಳಗೆ ನಿಂತ ಬಸಲಿಂಗವ್ವನಿಗೆ ಬರೀ ಗುಸುಗುಸು ಕೇಳಿಸಿತು. ಹತ್ತು ನಿಮಿಷವಾದರೂ ಇಬ್ಬರೂ ಇಳಿಯಲಿಲ್ಲ.

“ಏನ್ರೀ, ಏನಾಗೇತಿ? ಬಾಯಿ ಬಿಡ್ರಿ!”

ಶಾಹಿದ ಮಾಳಿಗೆಯ ಅಂಚಿನಿಂದ ಇಣುಕಿದ. “ಹೆಂಗ ಹೇಳ್ಲಿ ಅಮ್ಮಾರ... ಪ್ಲೇಟ್ ಮ್ಯಾಲೆ ಈಬತ್ತಿ ಭಾಳ ಐತ್ರಿ. ಬಿಸಲು ಒಳಗ ಇಳಿವಲ್ದು.”

ಬಸಲಿಂಗವ್ವ ನಾಲಿಗೆ ಕಚ್ಚಿಕೊಂಡಳು. ದುಡಿಯುವ ವಸ್ತುವಿಗೆ ವಿಭೂತಿ ಹಚ್ಚದೆ ಬಿಡುವ ಮನೆ ಅದಲ್ಲ. ಮಗ್ಗಕ್ಕೆ, ಬೈಕಿಗೆ, ಮಿಕ್ಸರಿಗೆ, ಎಲ್ಲಕ್ಕೂ ಮೂರು ಬೆರಳು. ಪ್ರತಿ ಸೋಮವಾರ ಪ್ಲೇಟಿಗೂ ಹಚ್ಚಿ ಬರ್ರಿ ಎಂದು ಗಂಡನನ್ನು ಮಾಳಿಗೆ ಹತ್ತಿಸುತ್ತಿದ್ದವಳು ಅವಳೇ. ಹೊಳಬಸಪ್ಪನೋ, ಹೆಂಡತಿ ಹೇಳಿದ್ದನ್ನು ಎರಡು ಪಟ್ಟು ಮಾಡುವ ಆಸಾಮಿ. ನೀರಲ್ಲಿ ಕಲಸಿ, ಅಂಗೈಯಗಲ, ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದ. ಅದರ ಮೇಲೆ ಓಣಿಯಾಚೆ ಕಲ್ಲು ಪಾಲಿಶ್ ಮಾಡುವ ಕಡೆಯಿಂದ ಧೂಳು ಬಂದು ಕೂತು, ಗೋಡೆಗೆ ಸುಣ್ಣ ಬಳಿದ ಹಾಗೆ ಗಟ್ಟಿಯಾಗಿತ್ತು.

“ಅಳಸಾಕ ನನಗ ಕೈ ಬರವಲ್ದುರಿ, ನಿಮ್ಮ ದೇವರದು,” ಎಂದ ಶಾಹಿದ.

“ದಿನಾ ಜಳಕ ಮಾಡಿದಾಗ ನಮ್ಮ ಹಣಿ ಮ್ಯಾಲಿಂದು ತೊಳದು ಹೋಗಂಗಿಲ್ಲೇನಪಾ? ಅವಕ್ಕೂ ಜಳಕ ಮಾಡಸು. ಏನ್ರೀ, ಬಕೀಟ ಒಯ್ರಿ ಮ್ಯಾಲೆ!”

ಹೊಳಬಸಪ್ಪ ಆರು ಬಕೀಟು ನೀರು ಹೊತ್ತ. ಏದುಸಿರು ಬಿಡುತ್ತಲೇ ಒಂದೊಂದನ್ನೂ ಮಾಳಿಗೆಗೆ ಏರಿಸಿದ.

ಮಗ ಊಟಕ್ಕೆ ಮನೆಗೆ ಬರುವ ಹೊತ್ತಿಗೆ ಶಾಹಿದ ಒಂದು ಪ್ಲೇಟನ್ನು ಬಿಚ್ಚಿ ಕೆಳಗಿಳಿಸಿದ್ದ. “ಇದೊಂದು ಹೋತ್ರಿ. ಈಬತ್ತಿ ಮುಚ್ಚಿದ ಜಾಗ ಕಾದು ಸುಟ್ಟೈತಿ. ಉಳದ ಮೂರು ಗಟ್ಟಿ ಅದಾವ, ಮೋಟಾರಿಗೆ ಅಷ್ಟು ಸಾಕು. ವರ್ಷಾ ಒಂಚೂರು ಶಕ್ತಿ ಇಳಿತೈತಿ ಖರೆ, ಆದ್ರ ಇನ್ನೂ ಹದಿನೈದು ವರ್ಷಕ್ಕ ಮೋಸ ಇಲ್ಲ.”

“ಕೆಟ್ಟದ್ದನ್ನ ಕ್ವಾರಿಗೆ ಒಗೀಲೇನು?” ಎಂದ ವಿಜಯಮಹಾಂತೇಶ.

“ಬ್ಯಾಡ್ರಿ ಅಣ್ಣಾರ. ಇದರಾಗ ಸೀಸ ಇರತೈತಿ, ಕ್ವಾರಿ ನೀರು ದನಾ ಕುಡಿತಾವ. ಹಳೇ ಪ್ಲೇಟ್ ಬಿಚ್ಚಿ ಬ್ಯಾರೆ ಮಾಡೋರು ಅದಾರ. ಒಂದರ ಸಲುವಾಗಿ ಅವ್ರು ಬರಂಗಿಲ್ಲ, ಒಂದು ಗಾಡಿ ಆಗೂತನಕಾ ನನ್ನ ಅಂಗಡ್ಯಾಗ ಬಿದ್ದಿರ್ಲಿ.”

ಬಸಲಿಂಗವ್ವ ಅದಾಗಲೇ ಬೆರಳು ಮಡಚಿ ಎಣಿಸುತ್ತಿದ್ದಳು. “ಹದಿನೈದಂದ್ರ ನನಗ ಎಂಬತ್ಮೂರು. ಅವು ದುಡಿಯೂತನಕಾ ನಾನೂ ದುಡಿಬೇಕಲ್ಲೋ!”

ಗುಂಡಿ ಒತ್ತಿದಳು. ಮೋಟಾರು ಗುರ್ರೆಂದಿತು, ಮಗ್ಗ ಟಕಟಕ ಶುರುವಾಯಿತು. ಖುಷಿಗೆ ಅವಳ ಕಣ್ಣಲ್ಲಿ ನೀರೇ ಬಂತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಬಾಗಿಲಲ್ಲಿ ನಿಂತ ಮಗ ತಾಯಿಯ ಮುಖ ನೋಡಿದ. ಆಮೇಲೆ ಅಂಗಳಕ್ಕೆ ಹೋಗಿ ಗುಡೂರಿಗೆ ಫೋನು ಹಚ್ಚಿದ.

“ಐತವಾರ ಬರಬ್ಯಾಡ್ರಿ. ಮಗ್ಗ ಖಾಲಿ ಇಲ್ಲ, ನಮ್ಮವ್ವ ಕುಂತಾಳ.”